ಮಾವನ ಮಂಪ್ಸಿಮಸ್

ಕಣ್ಣಿನ ಆಸ್ಪತ್ರೆಯ ಹೊಸ ಗೋಡೆಯ ಮೇಲೆ ಸೋದರಮಾವ ಸೀಮೆಸುಣ್ಣದಲ್ಲಿ ‘ಹಾರ್ಧಿಕ ಸ್ವಾಗತ’ ಎಂದು ಬರೆದು, ಏಣಿಯಿಂದ ಇಳಿದು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರು. ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಆದರೆ ಹಾರ್ದಿಕದ ‘ದ’ಕ್ಕೆ ಅವರು ಹೊಟ್ಟೆ ಸೀಳಿದ್ದರು.

ಏಣಿ ಹಿಡಿದು ನಿಂತಿದ್ದ ನನ್ನ ಗಂಟಲವರೆಗೆ ಮಾತು ಬಂತು, ಅಲ್ಲೇ ಕೂತಿತು. ಓದು ಮುಗಿಸಿ, ಕೆಲಸ ಸಿಗುವವರೆಗೆಂದು ಮಾವನ ಮನೆಗೆ ಬಂದವಳು ನಾನು. ಅವರ ಅನ್ನ ಉಂಡು ಅವರ ಅಕ್ಷರಕ್ಕೇ ಕೊಕ್ಕೆ ಹಾಕುವುದು ಹೇಗೆ? ಸುಮ್ಮನಿರುವಂತೆಯೂ ಇರಲಿಲ್ಲ. ಎಲ್ಲರೂ ಫ್ಲೆಕ್ಸ್ ಹಾಕಿಸುವ ಈ ಕಾಲದಲ್ಲಿ ಡಾಕ್ಟರಮ್ಮ ಕೈಬರಹವೇ ಬೇಕೆಂದು ಮಾವನನ್ನು ಕರೆಸಿದ್ದರು. ಬಾಗಿಲ ಮೇಲಿನ ಈ ಎರಡು ಪದ ಹಿಡಿಸಿದರೆ ಒಳಗಿನ ಗೋಡೆಗಳೆಲ್ಲ ಮಾವನಿಗೇ. ಊಟವಾದ ಮೇಲೆ ಬಣ್ಣ ತುಂಬುವುದೆಂದಾಗಿತ್ತು. ಬಣ್ಣ ಬಿದ್ದರೆ ಮುಗಿಯಿತು.

ಅತ್ತೆ ಊಟದ ಡಬ್ಬಿ ತಂದರು. ಮೂವರೂ ಮೆಟ್ಟಿಲ ಮೇಲೆ ಕೂತೆವು.

“ಇವಳ ಬಾಯಿಗೆ ಬೀಗ ಹಾಕಿ ಕೀ ಎಲ್ಲಿಟ್ರಿ?” ಎಂದು ಅತ್ತೆ ಮಾವನನ್ನು ಕೇಳಿದರು.

“ಬೆಳಿಗ್ಗೆಯಿಂದ ಹಿಂಗೇ. ಏಣಿಯಾದ್ರೂ ಕಿರ್ ಅನ್ನುತ್ತೆ, ಇವಳು ಅದೂ ಇಲ್ಲ.”

ನೇರವಾಗಿ ಹೇಳಲಾರದೆ, ನಿಘಂಟಿನಲ್ಲಿ ಎಂದೋ ಓದಿದ್ದ ಪದವೊಂದರ ಬಾಲ ಹಿಡಿದೆ.

“ಮಾವ, ಇಂಗ್ಲಿಷಲ್ಲಿ ಮಂಪ್ಸಿಮಸ್ ಅಂತ ಒಂದು ಪದ ಇದೆ.”

“ಏನದು, ಮಂಪರು ಬರೋ ಮಾತ್ರೆನಾ?”

“ಅಲ್ಲ. ಹಿಂದೆ ಒಬ್ಬ ಪಾದ್ರಿ ಇದ್ದನಂತೆ. ಲ್ಯಾಟಿನ್ ಪ್ರಾರ್ಥನೆಯಲ್ಲಿ ಸುಂಪ್ಸಿಮಸ್ ಅಂತ ಬರುತ್ತೆ. ‘ತಗೊಂಡಿದ್ದೀವಿ’ ಅಂತ ಅರ್ಥ. ಇವನು ಅದನ್ನ ಮಂಪ್ಸಿಮಸ್ ಅಂತಲೇ ಓದ್ತಿದ್ದ. ಅದಕ್ಕೆ ತಲೆಯೂ ಇಲ್ಲ, ಬುಡವೂ ಇಲ್ಲ. ಯಾರೋ ತಿದ್ದೋಕೆ ಹೋದ್ರೆ, ‘ನಿಮ್ಮ ಹೊಸ ಸುಂಪ್ಸಿಮಸ್ ನಿಮಗೇ ಇರಲಿ, ನನ್ನ ಹಳೇ ಮಂಪ್ಸಿಮಸ್ ನಾನು ಬಿಡಲ್ಲ’ ಅಂದನಂತೆ. ಆಮೇಲೆ, ಗೊತ್ತಾದ ಮೇಲೂ ಬಿಡದ ತಪ್ಪಿಗೆ ಅದೇ ಹೆಸರಾಯ್ತು. ಬಿಡದವನಿಗೂ ಅದೇ.”

“ನಿಮ್ಮ ಮಾವನನ್ನ ನೋಡಿಯೇ ಹೆಸರಿಟ್ಟ ಹಾಗಿದೆ,” ಎಂದು ಅತ್ತೆ ನಕ್ಕರು.

ಮಾವನೂ ನಕ್ಕರು, ಆಮೇಲೆ ನನ್ನನ್ನೇ ನೋಡಿದರು. “ಊಟದ ಮಧ್ಯೆ ಸುಮ್ಮಸುಮ್ಮನೆ ಪಾದ್ರಿ ಕಥೆ ಹೇಳೋಳಲ್ಲ ನೀನು. ನನ್ನ ಮಂಪ್ಸಿಮಸ್ ಯಾವುದು, ಹೇಳು.”

ಗೋಡೆಯ ಕಡೆ ಬೆರಳು ಮಾಡಿದೆ. “ಹಾರ್ದಿಕದ ದಕ್ಕೆ ಹೊಟ್ಟೆ ಸೀಳಬಾರದು.”

“ಮೀಸೆ ಬಂದಾಗಿಂದ ಸೀಳ್ತಿದ್ದೀನಿ, ಈಗ ಮೀಸೆ ಬೆಳ್ಳಗಾಗಿದೆ. ಯಾರೂ ಚಕಾರ ಎತ್ತಿಲ್ಲ. ನೀನು ಬಂದು ದಕಾರ ಎತ್ತಿದೆ.”

ಎದ್ದು ಹೋಗೋಣವೆನಿಸಿತು. ಹೋಗಲಿಲ್ಲ.

“ಹೃದಯ ಅನ್ನಿ, ಮಾವ.”

“ಹೃದಯ.”

“ಹಾರ್ದಿಕ ಹುಟ್ಟಿದ್ದು ಅದರಿಂದ. ತಾಯಿಗಿಲ್ಲದ ಸೀಳು ಮಗೂಗೆ ಎಲ್ಲಿಂದ ಬರುತ್ತೆ?”

ಮಾವ ಎರಡೂ ಪದಗಳನ್ನು ತುತ್ತಿನಂತೆ ಬಾಯೊಳಗೇ ಹೊರಳಿಸಿದರು. ಕೊನೆಗೆ ಕೈ ತೊಳೆದು, ಒದ್ದೆ ಬಟ್ಟೆ ಹಿಡಿದು ಎದ್ದರು.

“ಪಾಪ, ಆ ಪಾದ್ರಿಗೆ ಏಣಿ ಹಿಡಿಯೋರು ಯಾರೂ ಇರಲಿಲ್ಲ ಅಂತ ಕಾಣುತ್ತೆ,” ಎನ್ನುತ್ತ ಏಣಿ ಹತ್ತಿದರು.

ಸಂಜೆ ಡಾಕ್ಟರಮ್ಮ ಬಂದಾಗ ಬಣ್ಣ ಇನ್ನೂ ಹಸಿಯಾಗಿತ್ತು. ತಲೆಯೆತ್ತಿ ಬಹಳ ಹೊತ್ತು ನೋಡಿ, “ಚೆನ್ನಾಗಿದೆ” ಎಂದರು. ಮಾವ ಅಷ್ಟಕ್ಕೇ ಸುಮ್ಮನಿರಬಹುದಿತ್ತು.

“ಒಂದು ಅಕ್ಷರ ತಪ್ಪಿದ್ದೆ, ಡಾಕ್ಟರಮ್ಮ. ದಕ್ಕೆ ಸುಮ್ಮನೆ ಹೊಟ್ಟೆ ಸೀಳಿದ್ದೆ. ನಮ್ಮ ಹುಡುಗಿ ಹಿಡಿದಳು.”

ಅತ್ತೆ ಹಣೆ ಚಚ್ಚಿಕೊಂಡರು. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು. “ನಾನೂ ಅದನ್ನ ಸೀಳೋಳೇ. ಊರವರ ಕಣ್ಣು ನೋಡಿ ಏನು ಬಂತು, ಹೇಳಿ.” ಆಮೇಲೆ ನನ್ನನ್ನು ತೋರಿಸಿ ಮಾವನಿಗೆ ಹೇಳಿದರು. “ನಾಳೆಯಿಂದ ಒಳಗಿನ ಗೋಡೆ ಶುರು ಮಾಡಿ. ಆದರೆ ಬಣ್ಣಕ್ಕೆ ಮುಂಚೆ ಇವಳು ಓದಬೇಕು.”

ಮರುದಿನ ಔಷಧ ಕೊಡುವ ಕಿಟಕಿಯ ಮೇಲೆ ಮಾವ ಸೀಮೆಸುಣ್ಣದಲ್ಲಿ ಬರೆದು ಇಳಿದರು.

“ಓದು. ಮನಸ್ಸಲ್ಲಲ್ಲ, ಬಾಯಿ ಬಿಟ್ಟು.”

‘ಔಷದ ವಿತರಣೆ.’ ಖಾಲಿ ಕೋಣೆಯಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ನಿನ್ನೆಯ ಪಾಠವನ್ನು ಗಟ್ಟಿಯಾಗಿ ಹಿಡಿದಿದ್ದ ಮಾವ ಇಲ್ಲಿಯ ದಕ್ಕೂ ಹೊಟ್ಟೆ ಸೀಳದೆ ಬಿಟ್ಟಿದ್ದರು. ಈ ಸಲ ನಾನು ಯಾವ ಪದದ ಕಥೆಯನ್ನೂ ಹುಡುಕಲಿಲ್ಲ.

“ಇಲ್ಲಿ ಸೀಳಬೇಕು, ಮಾವ,” ಎಂದೆ.