ಹೊಸ ಡಿಸ್ಕಿಗೆ ಹಬ್ಬದ ಎಣ್ಣೆ

ಶ್ರೀರಾಂಪುರದ ಆ ಬೀದಿಯಲ್ಲಿ ಚಾಮಯ್ಯನವರು ಮನೆಗೆ ಬರುವುದು ಎಲ್ಲರಿಗೂ ಮೊದಲೇ ಗೊತ್ತಾಗುತ್ತಿತ್ತು. ತಿರುವಿನಲ್ಲಿ ಅವರ ಹಳೇ ಬೈಕು ಬ್ರೇಕ್ ಹಿಡಿದರೆ ಸಾಕು, "ಕೀಂಯ್..." ಎಂಬ ಸದ್ದು ಬೀದಿಯುದ್ದಕ್ಕೂ ಹರಿಯುತ್ತಿತ್ತು. ಗೇಟಿನ ಮುಂದೆ ಮಲಗಿದ್ದ ನಾಯಿ ಎದ್ದು ಪಕ್ಕಕ್ಕೆ ಹೋಗುತ್ತಿತ್ತು. ಒಳಗೆ ಹೆಂಡತಿ ಮಾದೇವಮ್ಮ ಕಾಫಿಗೆ ಹಾಲಿಡುತ್ತಿದ್ದರು.

"ನೋಡ್ದಾ, ನನ್ ಗಾಡಿಗೆ ಹಾರ್ನೇ ಬೇಡ ಕಣೇ" ಎಂದು ಚಾಮಯ್ಯ ಬೀಗುತ್ತಿದ್ದರು.

ಚಾಮಯ್ಯ ಮರಗೆಲಸದವರು. ಬಾಗಿಲು, ಕಿಟಕಿ, ದೇವರ ಮಂಟಪ, ಏನೇ ಹೇಳಿ, ಅಚ್ಚುಕಟ್ಟಾಗಿ ಮಾಡಿಕೊಡುವ ಕೈ. ಕೆಲಸಕ್ಕೂ ಅದೇ ಬೈಕು. ಸಂಜೆ ಮೊಮ್ಮಗಳು ಸುಷ್ಮಿತಾಳನ್ನು ಸರಸ್ವತಿಪುರಂಗೆ ಟ್ಯೂಷನ್‌ಗೆ ಬಿಡುವುದಕ್ಕೂ ಅದೇ ಬೈಕು.

ಎದುರು ಮನೆಯ ಶಿಲ್ಪಶ್ರೀ ಬೈಕ್ ಸರ್ವೀಸ್ ಸೆಂಟರಿನಲ್ಲಿ ಕೆಲಸಕ್ಕಿದ್ದಳು. ಆ ಬೀದಿಗೆ ಬಾಡಿಗೆಗೆ ಬಂದಾಗಿನಿಂದ ಚಾಮಯ್ಯನವರನ್ನು ದೊಡ್ಡಪ್ಪ ಎಂದೇ ಕರೆಯುವವಳು. ಒಂದು ಸಂಜೆ ಗೇಟಿನ ಹತ್ತಿರವೇ ಅವರನ್ನು ತಡೆದಳು.

"ದೊಡ್ಡಪ್ಪ, ಆ ಸದ್ದು ಒಳ್ಳೇದಲ್ಲ. ಬ್ರೇಕ್ ಪ್ಯಾಡ್ ಪೂರ್ತಿ ಸವೆದು, ಕಬ್ಬಿಣಕ್ಕೆ ಕಬ್ಬಿಣ ಉಜ್ತಾ ಇದೆ."

"ವಯಸ್ಸಾದ್ಮೇಲೆ ಸದ್ದು ಮಾಡ್ದೆ ಇರ್ತದಾ ಕಣವ್ವ? ನಿಮ್ ದೊಡ್ಡಮ್ಮನೂ ಮಾಡ್ತಾಳೆ, ಬದಲಾಯ್ಸಕ್ಕಾಯ್ತದಾ?"

"ನಂಗೆ ಕೇಳಿಸ್ತು ಕಣ್ರೀ!" ಅಡುಗೆಮನೆಯಿಂದ ಮಾದೇವಮ್ಮನ ದನಿ ಬಂತು.

ಶಿಲ್ಪಶ್ರೀ ನಕ್ಕಳು, ಆದರೆ ಬಿಡಲಿಲ್ಲ. ಗಾಡಿ ತಣ್ಣಗಾಗುವವರೆಗೂ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತಳು. ಆಮೇಲೆ, "ಈಗ ಮುಂದಿನ ಚಕ್ರದ ಡಿಸ್ಕಿನ ಅಂಚಲ್ಲಿ ಉಗುರಿಟ್ಟು ನೋಡಿ" ಅಂದಳು. ಚಾಮಯ್ಯ ಒಲ್ಲದ ಮನಸ್ಸಿನಿಂದಲೇ ಬಗ್ಗಿದರು. ಉಗುರು ಅಂಚಿಗೆ ಸಿಕ್ಕಿಕೊಂಡಿತು. ಒಳಭಾಗ ಸವೆದು ಹಳ್ಳವಾಗಿತ್ತು.

"ಇದೇನವ್ವ, ನನ್ ಸಾಣೆಕಲ್ಲು ಸವೆದಂಗೆ ಸವೆದೋಗದೆ!"

"ಇಷ್ಟಕ್ಕಿಂತ ತೆಳ್ಳಗಾಗಬಾರದು ಅಂತ ಡಿಸ್ಕಿನ ಮೇಲೇ ಕೊರೆದಿರ್ತಾರೆ ದೊಡ್ಡಪ್ಪ. ಇದು ಅದನ್ನೂ ದಾಟ್ಬುಟ್ಟಿದೆ."

ಸಾಣೆಕಲ್ಲಿನ ಲೆಕ್ಕ ಬಲ್ಲ ಚಾಮಯ್ಯನವರಿಗೆ ಮುಂದೆ ಹೇಳಬೇಕಾಗಲಿಲ್ಲ. ಸುಷ್ಮಿತಾ ಮಾತ್ರ ಕುಣಿದಾಡಿದಳು. "ತಾತ, ಹೂವಿನ ಥರ ಕತ್ತರಿಸಿರ್ತಾರಲ್ಲ, ಆ ಡಿಸ್ಕ್ ಹಾಕ್ಸು!"

"ಅಂದ ನೋಡಿ ಹಾಕ್ಸೋದಲ್ಲ ಪುಟ್ಟಿ" ಅಂದಳು ಶಿಲ್ಪಶ್ರೀ. "ಈ ಗಾಡಿಯದ್ದೇ ಹೊಸ ಮಾಡೆಲ್‌ಗೆ ಇದಕ್ಕಿಂತ ದೊಡ್ಡ ಡಿಸ್ಕ್ ಬರುತ್ತೆ. ಅದನ್ನೇ ಹಾಕ್ಸಬಹುದು, ಆದ್ರೆ ಡಿಸ್ಕನ್ನ ಕಚ್ಚಿ ಹಿಡಿಯೋ ಕ್ಯಾಲಿಪರ್, ಪ್ಯಾಡ್, ಎಲ್ಲಾ ಅದಕ್ಕೆ ಹೊಂದ್ಬೇಕು. ಸರಿಯಾಗಿ ಕೂರುತ್ತೆ ಅಂತ ನಮ್ಮ ಮೆಕ್ಯಾನಿಕ್ ನೋಡಿ ಹೇಳಿದ್ರೇನೇ ಹಾಕೋದು."

ಮೆಕ್ಯಾನಿಕ್ ನೋಡಿ ಒಪ್ಪಿದ. ಹೊಸ ಡಿಸ್ಕು ಬಂತು. ಹೊಸ ಪ್ಯಾಡು ಡಿಸ್ಕಿಗೆ ಒಗ್ಗಿಕೊಳ್ಳುವ ತನಕ ನಿಧಾನವಾಗಿ ಓಡಿಸಿ ಅಂದದ್ದನ್ನೂ ಚಾಮಯ್ಯ ಪಾಲಿಸಿದರು. ಈಗ ಗಾಡಿ ಬಂದರೆ ನಾಯಿ ಏಳುತ್ತಿರಲಿಲ್ಲ. "ಸದ್ದಿಲ್ದೆ ಬಂದ್ಬುಟ್ರೆ ನಾನು ಹಾಲಿಡೋದ್ ಯಾವಾಗ?" ಎಂದು ಮಾದೇವಮ್ಮನದೇ ದೂರು. ಬೆಳ್ಳಿ ತಟ್ಟೆಯಂತೆ ಹೊಳೆಯುವ ಆ ಡಿಸ್ಕನ್ನು ಚಾಮಯ್ಯ ಹೋದವರಿಗೆ ಬಂದವರಿಗೆಲ್ಲ ತೋರಿಸಿದರು.

ಅಷ್ಟರಲ್ಲಿ ದಸರಾ ಬಂತು. ಆಯುಧಪೂಜೆ ಅಂದರೆ ಚಾಮಯ್ಯನವರ ಅಂಗಳವೇ ಒಂದು ಕಾರ್ಖಾನೆ. ಉಳಿ, ಗರಗಸ, ಕೀಸುಳಿ, ಸುತ್ತಿಗೆ ಎಲ್ಲವನ್ನೂ ತೊಳೆದು, ಒರೆಸಿ, ತುಕ್ಕು ಹಿಡಿಯದಂತೆ ಕೊಬ್ಬರಿ ಎಣ್ಣೆ ಸವರಿ, ಸಾಲಾಗಿ ಜೋಡಿಸಿ ಕುಂಕುಮ ಇಡುವುದು ಅವರ ಅಪ್ಪನ ಕಾಲದ ಪದ್ಧತಿ. ಕಬ್ಬಿಣಕ್ಕೆ ಎಣ್ಣೆ ಹಚ್ಚದೆ ಹಬ್ಬ ಮುಗಿಯದು. ಬೈಕನ್ನೂ ಮೀಯಿಸಿದರು. ಹೊಸ ಡಿಸ್ಕಿನ ಮೇಲೆ ನೀರಿನ ಹನಿ ಕಂಡು ಕೈ ತಾನಾಗಿ ಎಣ್ಣೆ ಬಟ್ಟಲಿಗೆ ಹೋಯಿತು. ಪ್ರೀತಿಯಿಂದ ಎರಡೂ ಬದಿಗೆ ಸವರಿದರು. ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಬೂದುಗುಂಬಳಕಾಯಿ ಒಡೆದರು.

"ಬಾ ಪುಟ್ಟಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ, ದೇವಸ್ಥಾನದವರೆಗೂ ಒಂದು ರೌಂಡು."

ಸುಷ್ಮಿತಾ ಹೊಸ ಲಂಗ ಸರಿಮಾಡಿಕೊಂಡು ಹಿಂದೆ ಕೂತಳು. ಚಾಮಯ್ಯ ಕೀಲಿ ತಿರುವಬೇಕು, ಅಷ್ಟರಲ್ಲಿ ಪ್ರಸಾದದ ತಟ್ಟೆ ಹಿಡಿದು ಬಂದ ಶಿಲ್ಪಶ್ರೀಯ ಕಣ್ಣು ಚಕ್ರದ ಮೇಲೆ ಬಿತ್ತು.

"ದೊಡ್ಡಪ್ಪ, ಸ್ಟಾರ್ಟ್ ಮಾಡ್ಬೇಡಿ! ಡಿಸ್ಕಿಗೆ ಏನ್ ಹಚ್ಚಿದ್ದೀರಿ?"

"ಎಣ್ಣೆ ಕಣವ್ವ. ಹಬ್ಬ ಅಲ್ವಾ?"

"ಪುಟ್ಟಿ, ನೀನು ಇಳಿ. ದೊಡ್ಡಪ್ಪ, ನೀವೂ ಇಳಿದು ಸುಮ್ನೆ ತಳ್ಳಿ. ಮುಂದಿನ ಬ್ರೇಕ್ ಒಂದನ್ನೇ ಹಿಡೀರಿ."

ಚಾಮಯ್ಯ ತಳ್ಳಿದರು. ನಿಂಬೆಹಣ್ಣು ಪಚಕ್ಕೆಂದಿತು. ಗೇಟಿನ ಮುಂದಿನ ಇಳಿಜಾರಿನಲ್ಲಿ ಬ್ರೇಕನ್ನು ಬಿಗಿಯಾಗಿ ಹಿಡಿದರು. ಚಕ್ರ ನಿಲ್ಲಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದರು. ಗಾಡಿ ಜಾರುತ್ತಲೇ ಬೀದಿಗಿಳಿಯಿತು. ಶಿಲ್ಪಶ್ರೀ ತಟ್ಟೆ ಕೆಳಗಿಟ್ಟು ಓಡಿಬಂದು ಹಿಂದಿನಿಂದ ಎಳೆದು ಹಿಡಿದಳು. ಬೀದಿಯ ಕೊನೆಗೆ ದೊಡ್ಡ ರಸ್ತೆಯಲ್ಲಿ ಸಿಟಿ ಬಸ್ಸೊಂದು ಭರ್ರನೆ ಹೋಯಿತು.

ಚಾಮಯ್ಯ ಬಸ್ಸಿನ ಕಡೆ ನೋಡಿದರು. ತಿರುಗಿ, ಗೇಟಿನ ಹತ್ತಿರ ಹೊಸ ಲಂಗದಲ್ಲಿ ನಿಂತ ಮೊಮ್ಮಗಳನ್ನು ನೋಡಿದರು.

"ಉಳಿಗೆ ಎಣ್ಣೆ ಬೇಕು ದೊಡ್ಡಪ್ಪ, ಡಿಸ್ಕಿಗೆ ಬೇಡವೇ ಬೇಡ" ಎಂದು ಶಿಲ್ಪಶ್ರೀ ಮೆಲ್ಲಗೆ ಹೇಳಿದಳು. "ಪ್ಯಾಡ್ ಅದನ್ನ ಗಟ್ಟಿಯಾಗಿ ಹಿಡಿದ್ರೇನೇ ಗಾಡಿ ನಿಲ್ಲೋದು. ಪ್ಯಾಡ್ ಎಣ್ಣೆ ಕುಡಿದ್ಬುಟ್ರೆ ಒರೆಸಿದ್ರೂ ಹೋಗಲ್ಲ. ಡಿಸ್ಕನ್ನ ಬ್ರೇಕ್ ಕ್ಲೀನರಲ್ಲಿ ತೊಳೆದು ಪ್ಯಾಡ್ ಹೊಸದು ಹಾಕ್ಬೇಕು. ಅಲ್ಲೀವರೆಗೂ ಗಾಡಿ ಇಲ್ಲೇ ಇರ್ಲಿ."

"ನನ್ ಕೈಯಾರೆ..." ಚಾಮಯ್ಯ ಎಣ್ಣೆ ಅಂಟಿದ ಅಂಗೈ ನೋಡಿಕೊಂಡರು. "ಅವ್ವಾ, ಇವತ್ತು ನಮ್ಮನೆ ದೇವ್ರು ನಿನ್ ರೂಪ್ದಲ್ಲಿ ಬಂತು."

"ದೇವ್ರಿಗೆ ಮೊದ್ಲು ಹೋಳಿಗೆ ಕೊಡೋಣ, ಒಳಗ್ ಬಾ ಮಗಳೇ" ಎಂದು ಮಾದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಅವಳ ಕೈ ಹಿಡಿದುಕೊಂಡರು. ಆ ದಿನ ಎಲ್ಲರೂ ಆಟೋದಲ್ಲಿ ದೇವಸ್ಥಾನಕ್ಕೆ ಹೋಗಿಬಂದರು.

ಮರುವರ್ಷದ ಹಬ್ಬಕ್ಕೂ ಚಾಮಯ್ಯ ಉಳಿ ಗರಗಸಗಳಿಗೆ ಎಣ್ಣೆ ಸವರಿದರು. ಆಮೇಲೆ ಸೋಪು ಹಾಕಿ ಕೈ ತೊಳೆದು, ಒಣಬಟ್ಟೆಯಲ್ಲಿ ಬೈಕು ಒರೆಸಿ, ಕುಂಕುಮವನ್ನು ಹೆಡ್‌ಲೈಟಿನ ಮೇಲಿಟ್ಟರು. ಡಿಸ್ಕಿಗೆ ದೂರದಿಂದಲೇ ಕೈಮುಗಿದರು. ಹೋಳಿಗೆಯ ಮೊದಲ ತಟ್ಟೆ ಎದುರು ಮನೆಗೆ ಹೋಯಿತು. ಈಗಲೂ ಹಾಗೇ ನಡೆದುಕೊಂಡು ಬರುತ್ತಿದೆ.

ಗಾಡಿ ಇಟ್ಟುಕೊಂಡ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಬ್ರೇಕು ಕಿರುಗುಟ್ಟುತ್ತಿದೆಯೇ? ಇವತ್ತೇ ತೋರಿಸಿ. ಡಿಸ್ಕು ಸವೆದಿದ್ದರೆ ನಿಮ್ಮ ಗಾಡಿಗೆ ಹೊಂದುವುದನ್ನೇ, ಬಲ್ಲವರ ಕೈಯಲ್ಲೇ ಹಾಕಿಸಿ, ಜೊತೆಗೆ ಪ್ಯಾಡನ್ನೂ ಬದಲಾಯಿಸಿ. ಹಬ್ಬದ ದಿನ ಎಣ್ಣೆ, ಪಾಲಿಶ್, ಅರಿಶಿನ, ಕುಂಕುಮ ಯಾವುದೂ ಡಿಸ್ಕನ್ನು ಮುಟ್ಟದಿರಲಿ. ಹತ್ತುವ ಮುಂಚೆ ಗಾಡಿಯನ್ನು ಒಂದಿಷ್ಟು ತಳ್ಳಿ, ಬ್ರೇಕ್ ಹಿಡಿದು ನೋಡಿ. ಅದು ಗಟ್ಟಿಯಾಗಿ ನಿಂತರೆ ಮಾತ್ರ ಹಿಂದೆ ತಿರುಗಿ ನಿಮ್ಮ ಪುಟ್ಟಿಯನ್ನು "ಬಾ, ಕೂತ್ಕೋ" ಎಂದು ಕರೆಯಿರಿ.