ಬೆಣ್ಣೆ ಡಬ್ಬಿಯ ಕಪ್ತಾನ

"ಲೋ ಹಾಶಿಮ್, ಇನ್ನೂ ತೂರಾಡೋ. ನೀನೀಗ ಕುಡುಕ ಡಚ್ ಕಪ್ತಾನ ಕಣೋ, ನಮಾಜಿಗೆ ನಿಂತಿಲ್ಲ," ಎಂದ ಸೂಪರ್‌ವೈಸರ್ ಗಿರಿಧರ್.

ತಲೆಯ ಮೇಲೆ ಖಾಲಿ ಬೆಣ್ಣೆ ಡಬ್ಬಿ ಹೊತ್ತ ಹಾಶಿಮ್ ತೂರಾಡಿದ. ಜನ್ಮದಲ್ಲಿ ಹೆಂಡದ ತೊಟ್ಟು ಮುಟ್ಟದವನು, ಕುಡುಕನ ಹೆಜ್ಜೆಯನ್ನು ಅಂದಾಜಿನ ಮೇಲೆ ಇಟ್ಟ. ಕಂಪನಿಯ ಮರದ ಹಡಗು ಅತಿಥಿಗಳನ್ನು ಹೊತ್ತು ದೋಹಾದ ಕಡಲಲ್ಲಿ ನಿಂತಿತ್ತು. ಹಿಂದೆಂದೋ ಇಂಗ್ಲಿಷರಿಗೂ ಡಚ್ಚರಿಗೂ ಯುದ್ಧ ನಡೆದಾಗ ಲಂಡನ್ನಿನ ಬೀದಿಯಲ್ಲಿ ಹಾಡುತ್ತಿದ್ದರೆನ್ನುವ ಲಾವಣಿಯನ್ನು ಮ್ಯಾನೇಜರ್ ಕೆನೆತ್ ಕುಣಿದು ಹಾಡುತ್ತಿದ್ದ. ಗಿರಿಧರ್ ಮೊದಲೇ ಅರ್ಥ ಹೇಳಿಕೊಟ್ಟಿದ್ದ: ಡಚ್ಚರು ಸಗಣಿಯಲ್ಲಿ ಹುಟ್ಟಿ ಬೆಣ್ಣೆಯಲ್ಲಿ ಬೆಳೆದವರಂತೆ, ತೋಪಿನ ಸದ್ದಿಗೆ ಚಡ್ಡಿಯಲ್ಲೇ ಹೇತವರಂತೆ. ದಿಂಬಿಗೆ ಒರಗಿದ್ದ ಡಚ್ ಅತಿಥಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಬೈಗುಳ ಅವನಿಗೆ, ಡಬ್ಬಿ ಹಾಶಿಮನ ತಲೆಗೆ.

ಊರಿನಲ್ಲಿ ಮಗಳು ಜುವೈರಿಯಾಳ ನಿಕಾಹ್ ಬರುವ ಶುಕ್ರವಾರ. ರಜೆಗೆ ಕೆನೆತ್ ಹೂಂ ಅನ್ನಬೇಕು. ಹಾಶಿಮ್ ಮನಸ್ಸಿನಲ್ಲೇ ಅಲ್ಲಾಹನ ಕ್ಷಮೆ ಕೇಳಿ, ಮುಗ್ಗರಿಸಿ ಬಿದ್ದೂ ತೋರಿಸಿದ.

"ಯಲ್ಲಾ, ಹಾಯಿ ಏರಿಸಿ," ಎಂದ ಕೆನೆತ್. "ನಿಮ್ಮದೂ ಹಾಡಿದ್ದರೆ ಬರಲಿ."

ಹಾಶಿಮ್, ಜೊತೆಗೆಲಸದ ಶರೀಫ್, ಫಾಯಿಝ್ ಹಗ್ಗ ಹಿಡಿದರು. ಮೂವರೂ ಊರಿನ ಒಂದೇ ಕಡಲಕರೆಯವರು. ಅವರಲ್ಲೊಂದು ಕಟ್ಟಳೆ: ಹಗ್ಗ ಕೈಯಲ್ಲಿರುವ ತನಕ ದೋಣಿಯ ಧಣಿಯನ್ನು ಹಾಡಿನಲ್ಲಿ ಏನು ಬೇಕಾದರೂ ಬೈಯಬಹುದು, ಧಣಿ ಕೇಳಿಸಿಕೊಂಡು ಸುಮ್ಮನಿರಬೇಕು. ತಮ್ಮ ಮನೆಮಾತು ಬ್ಯಾರಿಯಲ್ಲಿ ಹಾಡಿದ್ದರೆ ಅಲ್ಲಿ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಶಿಮ್ ಗಿರಿಧರನ ಮುಖ ನೋಡಿಕೊಂಡು ಕನ್ನಡದಲ್ಲೇ ಎತ್ತಿಕೊಂಡ.

"ಹಗ್ಗ ಎಳೆಯದ ಹಾಡಿನ ಧಣಿಗೆ —"

"ಐಸಾ," ಎಂದರು ಉಳಿದಿಬ್ಬರು.

"ಹಡಗಿಗಿಂತ ಹೊಟ್ಟೆಯೇ ಭಾರ —"

"ಐಸಾ."

"ಡಚ್ಚನ ಬೈದು ಡಚ್ಚನ ಜೊತೆಗೇ ಕುರಿಯ ತೊಡೆಯ ನುಂಗುವ ಶೂರ —"

"ಐಸಾ."

"ಅವನ ಹೂಸಿಗೆ ಅತ್ತರು ಹಚ್ಚಲು ಗಿರಿಧರ ಸಾರು ಹಿಂದೆಯೆ ಉಂಟು —"

ಶರೀಫನಿಗೆ ನಗು ತಡೆಯದೆ ಹಗ್ಗ ಜಾರಿತು. ಹಾಯಿ ಅರ್ಧಕ್ಕೆ ನಿಂತಿತು. ಅತಿಥಿಗಳು ಚಪ್ಪಾಳೆ ತಟ್ಟಿದರು.

"ಏನಿದರ ಅರ್ಥ?" ಎಂದು ಕೆನೆತ್ ಕೇಳಿದ.

"ಕಡಲಿನ ಪ್ರಾರ್ಥನೆ ಸರ್," ಎಂದು ಇಂಗ್ಲಿಷಿನಲ್ಲಿ ಹೇಳಿದ ಗಿರಿಧರ್, ಹಾಶಿಮನ ಕಿವಿಗೆ ಬಗ್ಗಿದ. "ಬಾಯ್ಮುಚ್ಕೊಂಡಿರು ಸೂಳೆಮಗನೆ. ರಜಾ ಬೇಕೋ ಬೇಡ್ವೋ?"

ಹಾಶಿಮ್ ಕೆನೆತನ ಕಡೆ ತಿರುಗಿದ. "ನೋ ಪ್ರೇಯರ್ ಸರ್. ಸಾಂಗ್ ಫಾರ್ ಯೂ." ಬಂದರಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಮೊದಲ ಸಾಲಿನಿಂದ ಅರ್ಥ ಬಿಡಿಸತೊಡಗಿದ. ಹೊಟ್ಟೆಯ ಸಾಲಿಗೆ ಬಂದಾಗ ಶಬ್ದ ಸಿಗದೆ ಕೈಯಲ್ಲೇ ಉರುಟಾಗಿ ತೋರಿಸಿದ. ಡಚ್ ಅತಿಥಿ ಈಗಲೂ ನಕ್ಕ. ಕೆನೆತ್ ನಗಲಿಲ್ಲ.

"ಜುವೈರಿಯಾನ ನಿಕಾಹ್, ಹಾಶಿಮಾಕ," ಎಂದು ಕಿರಿಯವನಾದ ಫಾಯಿಝ್ ಪಿಸುಗುಟ್ಟಿದ.

"ಅದು ಮೊಬೈಲಿನಲ್ಲಿ ನೋಡುವ. ನೀನು ಎಳಿ ಮಾರಾಯ. ಗಿರಿಧರ್ ಸಾರಿನ ಸಾಲು ಇನ್ನೂ ಬಾಕಿ ಉಂಟು."