ಎಡಗಡೆ ಕೂತವಳು

ಎಮ್ಲಿನ್ ಕಾರು ಓಡಿಸುವಾಗ ನಾನು ಬಾಯಿ ಬಿಡಬಾರದು. ಇದು ನಮ್ಮ ಮದುವೆಯ ಹೊಸದರಲ್ಲೇ ಆದ ಕಾನೂನು. ಆಗೊಮ್ಮೆ ನಾನು ಪಕ್ಕದಲ್ಲಿ ಕೂತು "ಹಸು!" ಎಂದು ಕಿರುಚಿದ್ದೆ, ಅವನು ಬೆಚ್ಚಿಬಿದ್ದು ಕಾರನ್ನು ಚರಂಡಿಗೆ ಇಳಿಸಿದ್ದ. ಹಸು ಇದ್ದದ್ದು ನಿಜ. ಆದರೆ ಬೇಲಿಯಾಚೆ, ತನ್ನ ಪಾಡಿಗೆ ಮೇಯುತ್ತಾ ಇತ್ತು. ಅಂದಿನಿಂದ ಕಾರಿನ ಬಾಗಿಲು ಮುಚ್ಚಿತೆಂದರೆ ನನ್ನ ಬಾಯಿಗೂ ಬೀಗ. ಹಾಲಿನ ಟ್ಯಾಂಕರ್ ಓಡಿಸಿ ನಿವೃತ್ತನಾದ ಮನುಷ್ಯ ನೋಡಿ, ವೇಲ್ಸಿನ ನಮ್ಮೂರು ಕಾರ್ಮಾರ್ಥನ್ ಸುತ್ತಮುತ್ತಲ ರಸ್ತೆಗಳನ್ನೆಲ್ಲ ತಾನೇ ಹಾಸಿದಂತೆ ಮಾತಾಡುತ್ತಾನೆ.

ನನ್ನ ಓಲ್ವೆನ್ ಚಿಕ್ಕಮ್ಮ ಸಾಯುವಾಗ ಫ್ರಾನ್ಸಿನ ತನ್ನ ಪುಟ್ಟ ಮನೆಯನ್ನು ನನ್ನ ಹೆಸರಿಗೆ ಬರೆದಿಟ್ಟಳು. ಎರಡು ಕೋಣೆ, ಹಿತ್ತಲಲ್ಲಿ ಒಂದು ಅಕ್ರೋಟ್ ಮರ, ಅಡುಗೆಮನೆಯಲ್ಲಿ ಬೆಳಗಿನ ಬಿಸಿಲು ಬೀಳುವ ಒಂದು ಕಿಟಕಿ. ಅಷ್ಟೇ. ಆದರೆ ಅದು ನನ್ನದು. ವೇಲ್ಸ್‌ನಲ್ಲಿ ನಾವಿರುವುದು ಎಮ್ಲಿನ್‌ನ ಅಮ್ಮನ ಮನೆ. ಅಲ್ಲಿ ಸೌಟು ನೇತುಹಾಕುವ ಮೊಳೆ ಕೂಡ ಅತ್ತೆ ಹೊಡೆದದ್ದು. ಅದನ್ನು ಒಂದಿಂಚು ಆಚೀಚೆ ಮಾಡಿದರೂ ಮಗನ ಮುಖ ಊದಿಕೊಳ್ಳುತ್ತಿತ್ತು. ಹಾಗಾಗಿ ಆ ಫ್ರಾನ್ಸಿನ ಮನೆಯ ಮೇಲೆ ನನಗೆ ಎಷ್ಟು ಪ್ರಾಣ ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಎಮ್ಲಿನ್‌ಗೋ, ಅಲ್ಲಿಗೆ ಹೋದರೆ ಕಾಲು ಮುರಿದುಕೊಂಡು ಕೂತ ಹಾಗೆ.

"ವಿಮಾನದಲ್ಲಿ ಹೋಗೋದು, ಟ್ಯಾಕ್ಸಿಯವನ ಕಾಲು ಹಿಡಿಯೋದು, ಆಮೇಲೆ ಬ್ರೆಡ್ಡಿನ ವ್ಯಾನ್ ಯಾವಾಗ ಬರತ್ತೆ ಅಂತ ಬಾಗಿಲಲ್ಲಿ ನಿಂತು ಕಾಯೋದು. ಇದೊಂದು ಬಾಳಾ, ಗ್ಲೆನಿಸ್? ನನ್ನ ಕಾರು ಅಲ್ಲಿಗೆ ಹೋಗಿ ಅಲ್ಲೇ ಇರ್ಬೇಕು. ಇಲ್ಲಾಂದ್ರೆ ಆ ಮನೆ ಮಾರ್ಬಿಡು. ಎರಡರಲ್ಲೊಂದು."

"ಕಾರೇ ಹೋಗ್ಲಿ," ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.

ಹೊರಡುವ ಹಿಂದಿನ ದಿನ ಎಮ್ಲಿನ್ ಡಿಕ್ಕಿ ತುಂಬಿಸಿದ್ದು ನೋಡಬೇಕಿತ್ತು. ಚಹಾಪುಡಿ, ಮಾರ್ಮಲೇಡ್, ಟಾಯ್ಲೆಟ್ ಪೇಪರ್ ಸಾಲದೆ ಹಿಂದಿನ ಸೀಟಿನ ಮೇಲೆ ಒಂದು ಮೂಟೆ ಆಲೂಗಡ್ಡೆ ಬೇರೆ.

"ಫ್ರಾನ್ಸಲ್ಲಿ ಆಲೂಗಡ್ಡೆ ಸಿಗಲ್ವೇನೋ?"

"ಸಿಗತ್ತೆ. ಫ್ರೆಂಚ್ ಆಲೂಗಡ್ಡೆ ಸಿಗತ್ತೆ."

ಮಗಳು ಸಿಯಾನ್ "ಬಲಕ್ಕೆ ಓಡಿಸಿ" ಎಂದು ಬರೆದ ಒಂದು ಚೀಟಿ ತಂದು ಸ್ಟೀರಿಂಗ್ ಪಕ್ಕ ಅಂಟಿಸಲು ಹೋದಳು. ಅವಳಪ್ಪ ಅದನ್ನು ಕಿತ್ತು ಅವಳ ಕೈಗೇ ಕೊಟ್ಟ. "ಇದನ್ನ ನಿನ್ನ ಗಂಡನ ಹಣೆಗೆ ಅಂಟಿಸು," ಎಂದ.

ಪೋರ್ಟ್ಸ್‌ಮತ್‌ನಲ್ಲಿ ಕಾರು ಸಮೇತ ಹಡಗು ಹತ್ತಿ ಬೆಳಗ್ಗೆ ಫ್ರಾನ್ಸಿನಲ್ಲಿ ಇಳಿದೆವು. ಇಳಿದ ಮೇಲೆಯೇ ನನಗೆ ಹೊಳೆದದ್ದು: ನಮ್ಮ ಕಾರಿನ ಸ್ಟೀರಿಂಗ್ ಬಲಕ್ಕೆ, ಅವರ ರಸ್ತೆಯೂ ಬಲಕ್ಕೆ. ಅಂದರೆ ಎಮ್ಲಿನ್ ಕೂತಿರುವುದು ಚರಂಡಿಯ ಪಕ್ಕ, ನಾನು ಕೂತಿರುವುದು ರಸ್ತೆಯ ನಟ್ಟನಡುವೆ. ಎದುರಿನಿಂದ ಬರುವ ಗಾಡಿಗಳೆಲ್ಲ ನನಗೇ ಮೊದಲು ಕಾಣುತ್ತಿದ್ದವು. ಅವನಿಗೆ ಕಾಣುತ್ತಿದ್ದದ್ದು ಮುಂದಿನ ಲಾರಿಯ ಹಿಂಭಾಗ ಮಾತ್ರ. ಓವರ್‌ಟೇಕ್ ಮಾಡಬೇಕೆಂದರೆ ಇಡೀ ಕಾರನ್ನು ಆಚೆ ಹಾಕಿ ಇಣುಕಬೇಕು, ಅಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿರುತ್ತಿತ್ತು.

ಹಂದಿ ತುಂಬಿದ ಲಾರಿಯೊಂದರ ಹಿಂದೆ ಬೆಳಗೆಲ್ಲ ಆಮೆಯ ಹಾಗೆ ತೆವಳಿದೆವು. ದಾರಿ ಖಾಲಿಯಿದ್ದದ್ದು ನನಗೆ ಎಷ್ಟೋ ಸಲ ಕಂಡಿತು. ಹೇಳಲೇ? ಕಾನೂನು ಅಡ್ಡ ಬಂತು. ಸುಮ್ಮನೆ ಕೂತು ಹಂದಿಗಳ ವಾಸನೆ ಕುಡಿದೆ.

ಆಮೇಲೆ ಟೋಲ್ ಗೇಟ್ ಬಂತು. ಚೀಟಿ ಕೊಡುವ ಯಂತ್ರ ಇರುವುದು ಎಡಗಡೆ, ಎಂದರೆ ನನ್ನ ಕಡೆ. ಎಮ್ಲಿನ್‌ಗೆ ಎಡಗಡೆಯ ಅಂದಾಜು ಸಿಗದೆ ಕಾರನ್ನು ಅದರಿಂದ ಎರಡು ಮಾರು ದೂರ ನಿಲ್ಲಿಸಿದ. ನಾನು ಸೊಂಟದವರೆಗೆ ಕಿಟಕಿಯಿಂದ ಹೊರಗೆ ಜೋತುಬಿದ್ದರೂ ಕೈ ಎಟುಕಲಿಲ್ಲ. ಕೊನೆಗೆ ಇಳಿದು ಹೋಗಿ ಚೀಟಿ ಎಳೆದೆ. ಗೇಟು ಮೇಲೆ ಎದ್ದಿತು. ಹಿಂದಿನವರು ಹಾರ್ನ್ ಹೊಡೆದರು. ನನ್ನ ಗಂಡ, ಗೇಟು ಮುಚ್ಚಿಬಿಟ್ಟೀತೆಂಬ ಗಾಬರಿಗೆ, ನನ್ನನ್ನು ಅಲ್ಲೇ ಬಿಟ್ಟು ಕಾರು ಹಾರಿಸಿಕೊಂಡು ಹೋದ! ಕೈಯಲ್ಲಿ ಚೀಟಿ ಹಿಡಿದು, ಭಾನುವಾರದ ಚಪ್ಪಲಿಯಲ್ಲಿ, ಈ ವಯಸ್ಸಿಗೆ ನಾನು ಹೆದ್ದಾರಿಯಲ್ಲಿ ಓಡಿದೆ. ಲಾರಿಯವನೊಬ್ಬ ಚಪ್ಪಾಳೆ ತಟ್ಟಿದ.

"ಸ್ವಲ್ಪ ಬೇಗ ಬರೋಕಾಗಲ್ವಾ?" ಎಂದ ಎಮ್ಲಿನ್, ನಾನು ಏದುಸಿರು ಬಿಡುತ್ತಾ ಹತ್ತಿ ಕೂತಾಗ.

ನಾನು ಮಾತಾಡಲಿಲ್ಲ. ಈಗ ಕಾನೂನಿಗಾಗಿ ಅಲ್ಲ, ಸಿಟ್ಟಿಗೆ. ಇನ್ನು ನೀನುಂಟು ನಿನ್ನ ರಸ್ತೆಯುಂಟು, ಎಂದುಕೊಂಡೆ.

ಮಧ್ಯಾಹ್ನ ಚಿಕ್ಕಮ್ಮನ ಮನೆಯಿರುವ ಹಳ್ಳಿಗೆ ಇನ್ನು ಸ್ವಲ್ಪವೇ ದೂರವಿರುವಾಗ ಗೋಧಿ ಹೊಲದ ಪಕ್ಕ ಕಾರು ನಿಲ್ಲಿಸಿ, ಫ್ಲಾಸ್ಕಿನ ಚಹಾ ಕುಡಿದು, ಮೊಟ್ಟೆಯ ಸ್ಯಾಂಡ್‌ವಿಚ್ ತಿಂದು ಮತ್ತೆ ಹೊರಟೆವು. ನರಪಿಳ್ಳೆ ಇಲ್ಲದ ಓಣಿ ಅದು. ಬೆಳಗಿನಿಂದ ಮೊದಲ ಸಲ ಮನಸ್ಸಿಗೆ ಹಾಯೆನಿಸಿತು. ನನ್ನ ಪಕ್ಕದಲ್ಲಿ ಬೇಲಿ, ಬೇಲಿಯಲ್ಲಿ ಹೂವು, ಎಲ್ಲ ವೇಲ್ಸಿನ ನಮ್ಮೂರಿನ ಹಾಗೇ. ಎಮ್ಲಿನ್ ಕೂಡ ಸಣ್ಣಗೆ ಸಿಳ್ಳೆ ಹಾಕುತ್ತಿದ್ದ. ಎಲ್ಲವೂ ನಮ್ಮೂರಿನ ಹಾಗಿದೆ ಅನ್ನಿಸಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ತಿರುವಿನಲ್ಲಿ ಒಂದು ಬಿಳಿ ವ್ಯಾನ್ ನುಗ್ಗಿ ಬಂತು. ನೇರ ನಮ್ಮ ಮುಖಕ್ಕೇ. ನಾನು ಬಾಯಿ ತೆರೆದೆ. ಇಷ್ಟು ವರ್ಷಗಳಲ್ಲಿ ಕಾರಿನಲ್ಲಿ ಕಿರುಚಿ ನನಗೆ ಅಭ್ಯಾಸವಿದ್ದದ್ದು ಒಂದೇ ಮಾತು. ಅದೇ ಹೊರಗೆ ಬಂತು.

"ಹಸು!"

ಎಮ್ಲಿನ್ ಬ್ರೇಕಿನ ಮೇಲೆ ಎದ್ದು ನಿಂತ. ಆಲೂಗಡ್ಡೆ ಮೂಟೆ ಬಿಚ್ಚಿ ಹಿಂದಿನಿಂದ ನಮ್ಮ ತಲೆಗಳ ಮೇಲೆ ಉರುಳಿತು. ಎರಡೂ ಗಾಡಿಗಳು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತವು.

"ಎಲ್ಲಿ ಹಸು?" ಎಂದ ಎಮ್ಲಿನ್. ಆಮೇಲೆ ವ್ಯಾನ್ ನೋಡಿದ. "ಎಲಾ ಇವನ! ರಸ್ತೆಯ ಯಾವ ಕಡೆ ಬರ್ತಿದಾನೆ ನೋಡು!"

ಕೆಳಗಿಳಿದು ಹೋಗಿ, ಅಪ್ಪಟ ವೆಲ್ಷ್ ಭಾಷೆಯಲ್ಲಿ, ಜೋರು ದನಿಯಲ್ಲಿ ಬಯ್ಯತೊಡಗಿದ. ವ್ಯಾನಿನಿಂದ ಇಳಿದದ್ದು ಚಿಕ್ಕಮ್ಮನ ಹಳ್ಳಿಗೆ ಬ್ರೆಡ್ ತರುವ ಮದಾಮ್ ಲಾಕೊಂಬ್. ಮೈತುಂಬ ಹಿಟ್ಟು, ಸೊಂಟದ ಮೇಲೆ ಕೈ. ಚಿಕ್ಕಮ್ಮನ ಗೆಳತಿ ಅವಳು. ನಾನು ಹರಕುಮುರುಕು ಫ್ರೆಂಚ್ ಕಲಿತದ್ದೆಲ್ಲ ಅವರಿಬ್ಬರಿಂದಲೇ. ನಾನೂ ಇಳಿದೆ.

"ಏನಂತಾನೆ ನಿನ್ನ ಗಂಡ?" ಎಂದಳು.

"ನೀನು ತಪ್ಪು ಕಡೆ ಬಂದೆ ಅಂತಾನೆ."

ಅವಳು ಎಮ್ಲಿನ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹೂಂ. ಈ ಇಂಗ್ಲಿಷಿನೋರದ್ದೆಲ್ಲ ಇದೇ ಗೋಳು."

ಆ ಒಂದು ಶಬ್ದ ಎಮ್ಲಿನ್‌ಗೆ ಯಾರೂ ಅನುವಾದ ಮಾಡಬೇಕಿರಲಿಲ್ಲ. ಮುಖ ಕೆಂಪಾಯಿತು.

"ಇಂಗ್ಲಿಷ್? ನಾನಾ? ಹೇಳೇ ಅವಳಿಗೆ, ನಾನು ವೇಲ್ಸಿನೋನು ಅಂತ! ನಮ್ಮಜ್ಜ, ಮುತ್ತಜ್ಜ ಎಲ್ಲ ವೇಲ್ಸಿನೋರು ಅಂತ!"

ಹೇಳಿದೆ. ಮದಾಮ್ ತಲೆಯಾಡಿಸಿ, "ಹಾಗಾ? ವೇಲ್ಸಲ್ಲಿ ಯಾವ ಕಡೆ ಓಡಿಸ್ತಾರೆ?" ಎಂದು ಕೇಳಿದಳು. ನಾನು ಅದನ್ನು ಎಮ್ಲಿನ್‌ಗೆ ದಾಟಿಸಿದೆ.

"ಎಡಕ್ಕೆ," ಎಂದ ಅವನು ಎದೆಯುಬ್ಬಿಸಿ. ಮರುಕ್ಷಣ ಕಾರನ್ನು ನೋಡಿದ, ಬೇಲಿಯನ್ನು ನೋಡಿದ. ಎದೆ ಮೆಲ್ಲಗೆ ಇಳಿಯಿತು.

ಮದಾಮ್ ಒಂದು ಉದ್ದನೆಯ ಬ್ರೆಡ್ ತಂದು ಅವನ ಕೈಗಿಟ್ಟು, ವ್ಯಾನನ್ನು ನಮ್ಮ ಪಕ್ಕದಿಂದ ತೂರಿಸಿಕೊಂಡು ಹೋದಳು. ಎಮ್ಲಿನ್ ಕಾರಿನಲ್ಲಿ ಬ್ರೆಡ್ ಹಿಡಿದು ಕೂತ. ಪಾಪ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

"ನನ್ನ ಕೈಲಾಗಲ್ಲ ಗ್ಲೆನಿಸ್. ಇವತ್ತು ನಿನ್ನನ್ನ ಕೊಂದೇಬಿಡ್ತಿದ್ದೆ. ಕಾರು ತಿರುಗಿಸ್ಕೊಂಡು ಮನೆಗೆ ಹೋಗೋಣ. ನಿನ್ನ ಚಿಕ್ಕಮ್ಮನ ಮನೆ ಮಾರ್ಬಿಡೋಣ."

ಪಾಪ ಅನ್ನಿಸಿದ್ದೆಲ್ಲ ಹಾರಿಹೋಯಿತು. ನನ್ನ ಕಿಟಕಿ, ನನ್ನ ಬಿಸಿಲು!

"ತಿರುಗಿಸ್ಕೊಂಡು ಹೋಗೋಕೂ ಇದೇ ರಸ್ತೆ ತಾನೆ? ಅಲ್ಲೂ ಬಲಕ್ಕೇ ಓಡಿಸ್ಬೇಕು ತಾನೆ? ಊರು ಆ ದಿಬ್ಬದಾಚೆ ಇದೆ ಕಣೋ!" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಬೆಳಗ್ಗೆಯಿಂದ ನನಗೆ ಎಲ್ಲ ಕಾಣ್ತಿತ್ತು. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಇನ್ಮೇಲೆ ನಾನು ಹೇಳ್ತೀನಿ, ನೀನು ಕೇಳ್ಬೇಕು. ಆಗಲ್ಲ ಅಂದ್ರೆ ಈಗಲೇ ಇಳೀತೀನಿ. ನಡೆದೇ ಹೋಗ್ತೀನಿ ನನ್ನ ಮನೆಗೆ. ನೀನು ನಿನ್ನ ಕಾರಿನ ಜೊತೆ ವಾಪಸ್ ಹೋಗು."

ಅವನು ಬ್ರೆಡ್ಡನ್ನು ನನ್ನ ತೊಡೆಯ ಮೇಲಿಟ್ಟು ಕಾರು ಶುರು ಮಾಡಿದ.

"ಹೇಳು," ಎಂದ.

"ಬಲಕ್ಕೆ."

ಬಲಕ್ಕೆ ಹೋದ. ದಿಬ್ಬದ ಬುಡದಲ್ಲಿ ಹುಲ್ಲು ತುಂಬಿದ ಟ್ರ್ಯಾಕ್ಟರ್ ಸಿಕ್ಕಿತು. ಎಮ್ಲಿನ್ ನನ್ನತ್ತ ನೋಡಿದ. ನಾನು ಕತ್ತು ಚಾಚಿದೆ. "ಬೇಡ. ಬೇಡ. ತಡಿ, ಸೈಕಲ್. ಹೂಂ, ಈಗ! ಹೋಗು!" ಅವನು ಕಣ್ಣು ಮುಚ್ಚಿಕೊಂಡವನಂತೆ ಆಕ್ಸಿಲರೇಟರ್ ತುಳಿದ. ಟ್ರ್ಯಾಕ್ಟರ್ ಹಿಂದೆ ಬಿತ್ತು. ನಾನು ಜೋರಾಗಿ ನಕ್ಕುಬಿಟ್ಟೆ, ಅವನೂ ನಕ್ಕ.

ಮನೆ ತಲುಪಿ, ಅಕ್ರೋಟ್ ಮರದ ಕೆಳಗೆ ಕಾರು ನಿಲ್ಲಿಸಿ, ಎಮ್ಲಿನ್ ಕಾರಿನ ಬೀಗದ ಕೈ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತ. "ಇದನ್ನ ಎಲ್ಲಿ ನೇತುಹಾಕ್ಲಿ?" ಎಂದು ಕೇಳಿದ. ಕಿಟಕಿಯ ಪಕ್ಕ ನಾನೇ ಒಂದು ಮೊಳೆ ಹೊಡೆದೆ.

ಕಾರನ್ನು ಅಲ್ಲೇ ಬಿಟ್ಟು ವಿಮಾನದಲ್ಲಿ ವೇಲ್ಸ್‌ಗೆ ಮರಳಿದೆವು. ಕಾರ್ಡಿಫ್ ವಿಮಾನ ನಿಲ್ದಾಣಕ್ಕೆ ಸಿಯಾನ್ ತನ್ನ ಕಾರು ತಂದಿದ್ದಳು. ಅಪ್ಪನೇ ಓಡಿಸುತ್ತೇನೆಂದು ಹಟ ಹಿಡಿದ, ಅವಳು ಹಿಂದೆ ಕೂತಳು.

"ಏನಪ್ಪಾ, ಮನೆ ಮಾರಿದ್ರಾ?"

"ಮಾರಿದ್ರೆ ನನ್ನ ಕಾರು ಎಲ್ಲಿಡೋದೇ? ನಿನ್ನ ಗಂಡನ ತಲೆ ಮೇಲಾ?"

ಕಾರ್ಮಾರ್ಥನ್ ಹತ್ತಿರ ಬಂದಾಗ ಮುಂದೆ ಒಂದು ಹಾಲಿನ ಟ್ಯಾಂಕರ್ ಸಿಕ್ಕಿತು. ನಮ್ಮ ರಸ್ತೆ, ಎಡಗಡೆಯ ಓಟ. ಬಲಗಡೆ ಕೂತ ಎಮ್ಲಿನ್‌ಗೆ ಎದುರಿನದೆಲ್ಲ ಅಂಗೈಯಷ್ಟು ನಿಚ್ಚಳ. ನನಗೆ ಕಾಣುತ್ತಿದ್ದದ್ದು ಬೇಲಿ ಮತ್ತು ಟ್ಯಾಂಕರಿನ ಹಿಂಭಾಗ. ಎಮ್ಲಿನ್ ಇಂಡಿಕೇಟರ್ ಹಾಕಿದ. ಆಮೇಲೆ, ಮಗಳು ಹಿಂದೆ ಕೂತು ಕೇಳಿಸಿಕೊಳ್ಳುತ್ತಿದ್ದಾಳೆ ಎನ್ನುವುದನ್ನೂ ಮರೆತು, ನನ್ನತ್ತ ವಾಲಿದ.

"ಗ್ಲೆನಿಸ್, ಹೋಗ್ಲಾ?"

ನಾನು ಬೇಲಿಯನ್ನು ಚೆನ್ನಾಗಿ ನೋಡಿದೆ.

"ತಡಿ," ಎಂದೆ. "ಇನ್ನೂ ಬೇಡ."

ಅವನು ಇಂಡಿಕೇಟರ್ ಆರಿಸಿ ಕಾದ.